ರಘುನಾಥ ಕರ್ವೆ: ದೇಹದ ಬಗ್ಗೆ ಮಾತಾಡಿದ್ದಕ್ಕೆ ಕೆಲಸ ಕಳೆದುಕೊಂಡ ಗಣಿತದ ಮೇಷ್ಟ್ರು

ಹತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕದಲ್ಲಿ ಸಂತಾನೋತ್ಪತ್ತಿಯ ಅಧ್ಯಾಯ ಒಂದಿದೆ. ಹೂವು, ಪರಾಗ, ಅಂಡಾಶಯದವರೆಗೆ ಪಾಠ ಚೆನ್ನಾಗೇ ನಡೆಯುತ್ತೆ. ಮನುಷ್ಯರ ದೇಹದ ಚಿತ್ರ ಇರುವ ಪುಟ ಬಂದ ತಕ್ಷಣ ಮೇಷ್ಟ್ರಿಗೆ ಕೆಮ್ಮು ಬರುತ್ತೆ, ಹುಡುಗರಿಗೆ ನಗು ಬರುತ್ತೆ, ಹುಡುಗಿಯರು ತಲೆ ತಗ್ಗಿಸ್ತಾರೆ. ಉಳಿದಿದ್ದನ್ನು ಮನೆಯಲ್ಲಿ ಓದಿಕೊಳ್ಳಲು ಹೇಳಿ ಮೇಷ್ಟ್ರು ಮುಂದಿನ ಅಧ್ಯಾಯಕ್ಕೆ ಹೋಗ್ತಾರೆ. ನಮ್ಮಲ್ಲಿ ಬಹಳಷ್ಟು ಜನ ಹೀಗೇ ಪಾಸಾಗಿ ಬಂದವರು. ಮನೆಯಲ್ಲಂತೂ ಆ ಪಾಠ ಯಾರೂ ಮಾಡಲಿಲ್ಲ.

ಆ ಬಿಟ್ಟುಹೋದ ಪಾಠವನ್ನು ನೂರು ವರ್ಷಗಳ ಹಿಂದೆ ಮುಂಬೈಯಲ್ಲಿ ಒಬ್ಬ ಮೇಷ್ಟ್ರು ಮಾಡಿದ್ದರು. ಅವರು ಡಾಕ್ಟರ್ ಆಗಿರಲಿಲ್ಲ, ರಾಜಕಾರಣಿಯೂ ಆಗಿರಲಿಲ್ಲ. ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ರಘುನಾಥ ಧೋಂಡೋ ಕರ್ವೆ. ಈ ಪಾಠಕ್ಕಾಗಿ ಅವರು ಕೆಲಸ ಕಳೆದುಕೊಂಡರು, ಕೋರ್ಟಿನ ಕಟಕಟೆ ಹತ್ತಿದರು, ದಂಡ ಕಟ್ಟಿದರು, ಬಡತನದಲ್ಲಿ ಬದುಕಿದರು. ಅವರ ಪರವಾಗಿ ಕೋರ್ಟಿನಲ್ಲಿ ವಾದ ಮಾಡಿದ್ದು ಬ್ಯಾರಿಸ್ಟರ್ ಭೀಮರಾವ್ ಅಂಬೇಡ್ಕರ್. ಇಷ್ಟಾದರೂ ಕರ್ನಾಟಕದಲ್ಲಿ ಕರ್ವೆ ಅಂದರೆ ನೆನಪಾಗುವುದು ಮಗನಲ್ಲ, ಅಪ್ಪ.

ಅಪ್ಪ ಮಹರ್ಷಿ, ಮಗ ಮುಜುಗರ

ಅಪ್ಪ ಧೋಂಡೋ ಕೇಶವ ಕರ್ವೆ ವಿಧವೆಯರ ಮದುವೆಗಾಗಿ, ಹೆಣ್ಣುಮಕ್ಕಳ ಓದಿಗಾಗಿ ಜೀವನ ಸವೆಸಿದವರು. ಪುಣೆ ಬಳಿಯ ಹಿಂಗಣೆಯ ವಿಧವೆಯರ ಆಶ್ರಮ, 1916ರಲ್ಲಿ ಶುರುವಾದ ಮಹಿಳಾ ವಿಶ್ವವಿದ್ಯಾಲಯ ಅವರ ಕೆಲಸ. 1958ರಲ್ಲಿ ಅವರಿಗೆ ಭಾರತರತ್ನ ಬಂತು. ಜನ ಪ್ರೀತಿಯಿಂದ ಮಹರ್ಷಿ ಅಂದರು.

ರಘುನಾಥ ಅವರ ಹಿರಿಮಗ. ಹುಟ್ಟಿದ್ದು 1882ರ ಜನವರಿ 14ರಂದು, ಕೊಂಕಣ ಕರಾವಳಿಯ ಮುರುಡದಲ್ಲಿ. ಹುಡುಗನಿಗೆ ಒಂಬತ್ತು ವರ್ಷ ಆಗಿದ್ದಾಗ, 1891ರಲ್ಲಿ, ತಾಯಿ ರಾಧಾಬಾಯಿ ಹೆರಿಗೆಯ ಹೊತ್ತಲ್ಲಿ ತೀರಿಕೊಂಡರು. ಮೂವತ್ತೂ ತುಂಬದ ಹೆಂಗಸರು ಬಾಣಂತಿ ಕೋಣೆಯಲ್ಲೇ ಸಾಯುವುದು ಆ ಕಾಲಕ್ಕೆ ಸುದ್ದಿಯಾಗುವ ವಿಷಯವೇ ಅಲ್ಲ. ಮುಂದೆ ಮಗ ಹಿಡಿದ ದಾರಿಗೆ ಈ ಸಾವೇ ಕಾರಣ ಅಂತ ಹೇಳಿಬಿಡುವುದು ಸುಲಭ. ಅಷ್ಟು ಸರಳವಾಗಿ ಯಾರ ಬದುಕೂ ಇರೋದಿಲ್ಲ. ಆದರೆ ಹೆರಿಗೆ ಅನ್ನೋದು ಹೆಣ್ಣಿಗೆ ಜೀವದ ಪ್ರಶ್ನೆ ಅಂತ ಯಾರೂ ಹೇಳಿಕೊಡದೆಯೇ ಗೊತ್ತಿದ್ದ ಹುಡುಗ ಆತ ಅನ್ನುವುದು ನಿಜ.

ಎರಡು ವರ್ಷದ ನಂತರ ಅಪ್ಪ ಗೋದೂಬಾಯಿ ಎಂಬ ವಿಧವೆಯನ್ನು ಮದುವೆಯಾದರು. ಊರು ಆ ಕುಟುಂಬಕ್ಕೆ ಬಹಿಷ್ಕಾರ ಹಾಕಿತು. ಸಮಾಜ ಹೊರಗಿಟ್ಟರೆ ಹೇಗಿರುತ್ತೆ ಅನ್ನೋದು ಹಾಗೆ ಮಗನಿಗೆ ಮನೆಯಲ್ಲೇ ಕಂಡಿತ್ತು.

ಓದಿನಲ್ಲಿ ಹುಡುಗ ಚುರುಕು. 1899ರ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಮೊದಲ ಸ್ಥಾನ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಬಿ.ಎ., ಆಮೇಲೆ ಅಪ್ಪನ ಹಾಗೇ ಗಣಿತದ ಅಧ್ಯಾಪಕ ವೃತ್ತಿ. ಮೊದಲ ಮಹಾಯುದ್ಧ ಮುಗಿದ ಮೇಲೆ ಹೆಚ್ಚಿನ ಓದಿಗೆ ಪ್ಯಾರಿಸ್‌ಗೆ ಹೋದರು. ಹೋಗಿದ್ದು ಗಣಿತಕ್ಕೆ, ಅಲ್ಲಿ ತಲೆಗೆ ಹತ್ತಿದ್ದು ಇನ್ನೊಂದು ವಿಷಯ: ಗರ್ಭನಿರೋಧ, ಲೈಂಗಿಕ ವಿಜ್ಞಾನ, ಗುಪ್ತರೋಗಗಳ ತಡೆ. ಯುರೋಪಿನಲ್ಲೂ ಇವು ಆಗ ಜಗಳದ ವಿಷಯಗಳೇ.

1921: ಒಂದು ಕ್ಲಿನಿಕ್

ವಾಪಸ್ ಬಂದ ಕರ್ವೆ 1921ರಲ್ಲಿ ಮುಂಬೈಯಲ್ಲಿ ಸಂತಾನ ನಿಯಂತ್ರಣ ಕೇಂದ್ರ ಶುರು ಮಾಡಿದರು. ಭಾರತದಲ್ಲಿ ಇದು ಮೊದಲನೆಯದು. ಮೇರಿ ಸ್ಟೋಪ್ಸ್ ಲಂಡನ್ನಿನಲ್ಲಿ ತಮ್ಮ ಹೆಸರಾಂತ ಕ್ಲಿನಿಕ್ ತೆರೆದದ್ದೂ ಅದೇ ವರ್ಷ. ಅಂದರೆ ಈ ಕೆಲಸದಲ್ಲಿ ನಾವು ಪಶ್ಚಿಮದ ಹಿಂದೆ ಓಡಿದವರೇನಲ್ಲ. ಲೈಂಗಿಕ ಶಿಕ್ಷಣ ಅಂದ ಕೂಡಲೇ ಅದು ಪಾಶ್ಚಾತ್ಯರ ಆಮದು ಅಂತ ಗುಲ್ಲೆಬ್ಬಿಸುವವರು ಈ ಇಸವಿಯನ್ನು ಒಂದ್ಸಲ ಬರೆದಿಟ್ಟುಕೊಳ್ಳಬೇಕು.

ಹೆಂಡತಿ ಮಾಲತಿ ಈ ಎಲ್ಲದರಲ್ಲೂ ಜೊತೆಗಿದ್ದರು. ಮಕ್ಕಳು ಬೇಡ ಅನ್ನೋದು ಇಬ್ಬರೂ ಸೇರಿ ಮಾಡಿದ ತೀರ್ಮಾನ. ಈಗಲೂ ಮದುವೆಯಾಗಿ ಎರಡು ವರ್ಷಕ್ಕೆ ನೆಂಟರ ವಿಚಾರಣೆ ಶುರುವಾಗುವ ದೇಶ ಇದು. 1920ರ ದಶಕದಲ್ಲಿ ಮಕ್ಕಳಿಲ್ಲದ ಹೆಂಗಸು ಕೇಳಬೇಕಾಗಿ ಬಂದಿರಬಹುದಾದ ಮಾತುಗಳನ್ನು ಊಹಿಸಿಕೊಳ್ಳಿ. ಕರ್ವೆ ಚರಿತ್ರೆಯಲ್ಲಿ ಮಾಲತಿ ಹೆಸರು ಒಂದೆರಡು ಸಾಲಿಗೆ ಮುಗಿದುಹೋಗುತ್ತೆ. ಮನೆಗೆ ಆದಾಯ ನಿಂತುಹೋದ ವರ್ಷಗಳನ್ನು ದಾಟಿಸಿದವರಲ್ಲಿ ಅವರ ಪಾಲು ದೊಡ್ಡದು.

ಆದಾಯ ನಿಂತದ್ದು ಹೀಗೆ. ಕರ್ವೆ ಮುಂಬೈಯ ವಿಲ್ಸನ್ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದರು. ಅದು ಮಿಷನರಿಗಳ ಕಾಲೇಜು. ಸಂತಾನ ನಿಯಂತ್ರಣ, ಹೆಣ್ಣಿನ ಲೈಂಗಿಕ ಸುಖದ ಹಕ್ಕು ಇಂಥ ವಿಷಯ ಇಟ್ಟುಕೊಂಡು ಬಹಿರಂಗವಾಗಿ ಬರೆಯುವ, ಮಾತಾಡುವ ಮೇಷ್ಟ್ರು ಆಡಳಿತದವರಿಗೆ ಬೇಕಾಗಿರಲಿಲ್ಲ. ಬರವಣಿಗೆ ಬಿಡಬೇಕು, ಇಲ್ಲವೇ ಕೆಲಸ ಬಿಡಬೇಕು ಅನ್ನುವ ಸ್ಥಿತಿ ಬಂತು. ಕರ್ವೆ ಕೆಲಸ ಬಿಟ್ಟರು. ಆ ಕಡೆ ಹಿಂದೂ ಸಂಪ್ರದಾಯವಾದಿಗಳು ಬೈಯುತ್ತಿದ್ದರು, ಈ ಕಡೆ ಕ್ರೈಸ್ತ ಸಂಪ್ರದಾಯವಾದಿಗಳು ಬಾಗಿಲು ತೋರಿಸಿದರು. ಹೆಣ್ಣಿನ ದೇಹದ ವಿಷಯ ಬಂದಾಗ ಎಲ್ಲ ಧರ್ಮದ ಯಜಮಾನರೂ ಎಷ್ಟು ಬೇಗ ಒಂದೇ ಸಾಲಿನಲ್ಲಿ ನಿಲ್ತಾರೆ ನೋಡಿ.

ಸಮಾಜ ಸ್ವಾಸ್ಥ್ಯ

1927ರ ಜುಲೈನಲ್ಲಿ ಕರ್ವೆ ಒಂದು ಮರಾಠಿ ಮಾಸಿಕ ತಂದರು. ಹೆಸರು ಸಮಾಜ ಸ್ವಾಸ್ಥ್ಯ, ಅಂದರೆ ಸಮಾಜದ ಆರೋಗ್ಯ. ಹೆಸರಿನಲ್ಲೇ ಅವರ ಇಡೀ ವಾದ ಇದೆ. ಲೈಂಗಿಕತೆ ಪಾಪ ಪುಣ್ಯದ ಲೆಕ್ಕ ಅಲ್ಲ, ಆರೋಗ್ಯದ ವಿಷಯ; ಅದೂ ಒಬ್ಬೊಬ್ಬರ ಗುಟ್ಟಿನ ಆರೋಗ್ಯ ಅಲ್ಲ, ಇಡೀ ಸಮಾಜದ್ದು. ಇವತ್ತು ನಾವು ಸಾರ್ವಜನಿಕ ಆರೋಗ್ಯ ಅನ್ನುವ ಕಲ್ಪನೆ ಇದೇ.

ಪತ್ರಿಕೆಯ ಮುಖಪುಟದಲ್ಲಿ ಬೆತ್ತಲೆ ಹೆಣ್ಣಿನ ಚಿತ್ರ ಇರುತ್ತಿತ್ತು. ದೇಹ ನಾಚಿಕೆಪಡುವ ವಸ್ತು ಅಲ್ಲ ಅನ್ನೋದು ಅವರ ನಿಲುವು. ಆ ಆಯ್ಕೆಯನ್ನು ಇವತ್ತಿನ ಸ್ತ್ರೀವಾದಿ ಓದುಗರು ಪ್ರಶ್ನಿಸಬಹುದು, ಪ್ರಶ್ನಿಸಲೂ ಬೇಕು: ಗಂಡು ಓದುಗರೇ ಹೆಚ್ಚಿದ್ದ ಪತ್ರಿಕೆಯ ಮೇಲೆ ಬೆತ್ತಲಾದದ್ದು ಹೆಣ್ಣಿನ ದೇಹವೇ ಯಾಕೆ? ಮುಖಪುಟ ತಿರುವಿದರೆ ಒಳಗೆ ಇರುತ್ತಿದ್ದದ್ದು ಗರ್ಭನಿರೋಧದ ವಿಧಾನಗಳು, ಗುಪ್ತರೋಗಗಳ ಮಾಹಿತಿ, ಮದುವೆ, ವ್ಯಭಿಚಾರ, ವೇಶ್ಯಾವೃತ್ತಿ ಕುರಿತ ಚರ್ಚೆ, ದೇವರು ಧರ್ಮಗಳ ಮೇಲೆ ನಾಸ್ತಿಕನೊಬ್ಬನ ಟೀಕೆ.

ಎಲ್ಲಕ್ಕಿಂತ ಮುಖ್ಯವಾಗಿದ್ದು ಓದುಗರ ಪ್ರಶ್ನೆಗಳ ಅಂಕಣ. ಇದನ್ನು ಈಗ ಇತಿಹಾಸಕಾರರು ಕೂತು ಅಧ್ಯಯನ ಮಾಡ್ತಿದ್ದಾರೆ. ಹೆಚ್ಚಿನವರು ಓದುಬರಹ ಬಲ್ಲ ಮಧ್ಯಮ ವರ್ಗದ ಗಂಡಸರು. ಹಸ್ತಮೈಥುನದಿಂದ ಶಕ್ತಿ ಸೋರಿಹೋಗುತ್ತಾ, ನಿದ್ದೆಯಲ್ಲಿ ವೀರ್ಯ ಹೋದರೆ ಕಾಯಿಲೆಯಾ, ಬ್ರಹ್ಮಚರ್ಯ ಪಾಲಿಸದಿದ್ದರೆ ಆಯುಷ್ಯ ಕಮ್ಮಿಯಾಗುತ್ತಾ, ಮದುವೆ ಮುಂಚೆ ತಪ್ಪು ಮಾಡಿದವನಿಗೆ ಮಕ್ಕಳಾಗುತ್ತಾ. ವೀರ್ಯನಾಶವೇ ಮೃತ್ಯು ಎಂದು ಹೆದರಿಸುವ ಪುಸ್ತಕಗಳು, ಟಾನಿಕ್ ಮಾರುವ ಜಾಹೀರಾತುಗಳು ತುಂಬಿದ್ದ ಕಾಲದಲ್ಲಿ ಬೆಳೆದ ಹುಡುಗರ ಭಯಗಳಿವು. ಕರ್ವೆ ಒಬ್ಬೊಬ್ಬರಿಗೂ ಉತ್ತರ ಕೊಟ್ಟರು. ಹಸ್ತಮೈಥುನ ಹಾನಿ ಮಾಡೋದಿಲ್ಲ, ಬ್ರಹ್ಮಚರ್ಯದಿಂದ ದೇಹಕ್ಕೆ ಯಾವ ವಿಶೇಷ ಬಲವೂ ಬರೋದಿಲ್ಲ, ಹೆದರಿಕೆಯೇ ನಿಜವಾದ ಕಾಯಿಲೆ ಎಂಬ ಧಾಟಿ. ಬಸ್ ಸ್ಟ್ಯಾಂಡಿನ ಗೋಡೆ ಮೇಲೆ ಇವತ್ತಿಗೂ ಗುಪ್ತ ಸಮಸ್ಯೆಗೆ ಶರ್ತಿಯಾ ಇಲಾಜು ಎಂಬ ಪೋಸ್ಟರ್ ನೋಡ್ತೀವಲ್ಲ, ಆ ವ್ಯಾಪಾರ ನಡೆಯುತ್ತಿರೋದು ಅದೇ ಹೆದರಿಕೆಯ ಮೇಲೆ.

ಪುಸ್ತಕಗಳನ್ನೂ ಬರೆದರು. ಸಂತಾನ ನಿಯಂತ್ರಣದ ಮೇಲೆ ಒಂದು, ಆಧುನಿಕ ಕಾಮಶಾಸ್ತ್ರದ ಮೇಲೆ ಒಂದು, ವೇಶ್ಯಾವೃತ್ತಿಯ ಮೇಲೆ ಒಂದು. ಗುಪ್ತರೋಗಗಳಿಂದ ರಕ್ಷಣೆ ಪಡೆಯೋದು ಹೇಗೆ ಎಂಬುದಕ್ಕೇ ಮೀಸಲಾದ ಪುಸ್ತಕವೂ ಇದೆ. ಸಿಫಿಲಿಸ್‌ಗೆ ಪೆನ್ಸಿಲಿನ್ ಬಂದದ್ದು 1940ರ ದಶಕದಲ್ಲಿ. ಅದಕ್ಕೂ ಮುಂಚೆ ಈ ರೋಗಗಳು ಮನೆಮನೆಯನ್ನು ಹಾಳು ಮಾಡುತ್ತಿದ್ದವು. ಗಂಡನಿಂದ ಹೆಂಡತಿಗೆ, ಹೆಂಡತಿಯಿಂದ ಹೊಟ್ಟೆಯಲ್ಲಿರುವ ಮಗುವಿಗೆ. ಆದರೆ ಬಾಯಿ ಬಿಟ್ಟು ಹೇಳುವವರಿಲ್ಲ. ತಡೆಯುವ ದಾರಿ ತಿಳಿಸಿದರೆ ಜನ ಕೆಟ್ಟುಹೋಗ್ತಾರೆ ಎಂಬುದು ಮರ್ಯಾದಸ್ಥರ ವಾದ. ಜನ ಕೆಡೋದು ತಿಳಿವಳಿಕೆಯಿಂದ ಅಲ್ಲ, ರೋಗದಿಂದ ಅನ್ನೋದು ಕರ್ವೆ ವಾದ.

ಕೋರ್ಟಿನಲ್ಲಿ ಅಂಬೇಡ್ಕರ್

1931ರಲ್ಲಿ ಮೊದಲ ಕೇಸು ಬಿತ್ತು. ವ್ಯಭಿಚಾರದ ಪ್ರಶ್ನೆ ಕುರಿತ ಲೇಖನ ಅಶ್ಲೀಲ ಅನ್ನೋದು ದೂರು. 100 ರೂಪಾಯಿ ದಂಡ. 1934ರಲ್ಲಿ ಮತ್ತೆ ಬಂಧನ. ಈ ಬಾರಿ ಗುರಿಯಾದದ್ದು ಓದುಗರ ಪ್ರಶ್ನೋತ್ತರ: ಹಸ್ತಮೈಥುನ, ಸಲಿಂಗಕಾಮದಂಥ ವಿಷಯಗಳಿಗೆ ಕೊಟ್ಟ ಉತ್ತರಗಳು.

ಆಗ ವಕಾಲತ್ತು ವಹಿಸಿದವರು ಅಂಬೇಡ್ಕರ್. ಆ ವರ್ಷಗಳನ್ನು ನೆನೆಸಿಕೊಳ್ಳಿ. ದುಂಡುಮೇಜಿನ ಪರಿಷತ್ತುಗಳು ಮುಗಿದಿವೆ, 1932ರ ಪೂನಾ ಒಪ್ಪಂದದ ಗಾಯ ಇನ್ನೂ ಹಸಿ. ದೇಶದ ದಲಿತರ ಪ್ರತಿನಿಧಿಯಾಗಿ ಎಲ್ಲ ಕಡೆಯಿಂದ ಬೈಗುಳ ತಿನ್ನುತ್ತಿದ್ದ ಮನುಷ್ಯ. ಚಿತ್ಪಾವನ ಬ್ರಾಹ್ಮಣ ನಾಸ್ತಿಕನೊಬ್ಬನ ಅಶ್ಲೀಲತೆ ಕೇಸು ತೆಗೆದುಕೊಂಡರೆ ಅವರಿಗೆ ರಾಜಕೀಯವಾಗಿ ಏನೂ ದಕ್ಕುವಂತಿರಲಿಲ್ಲ. ಆದರೂ ತೆಗೆದುಕೊಂಡರು.

ಅವರ ವಾದದ ತಿರುಳು ಇಷ್ಟು. ಲೈಂಗಿಕ ವಿಷಯದ ಬಗ್ಗೆ ಬರೆದಿದ್ದೆಲ್ಲ ಅಶ್ಲೀಲ ಆಗೋದಿಲ್ಲ. ಈ ಪತ್ರಿಕೆ ಇರುವುದೇ ಲೈಂಗಿಕ ಆರೋಗ್ಯದ ಬಗ್ಗೆ ತಿಳಿವಳಿಕೆ ಕೊಡಲಿಕ್ಕೆ. ಓದುಗ ಪ್ರಶ್ನೆ ಕೇಳಿದ ಮೇಲೆ ಉತ್ತರ ಕೊಡದೆ ಬಿಟ್ಟರೆ ಪತ್ರಿಕೆಯನ್ನೇ ಮುಚ್ಚಿದ ಹಾಗೆ. ಪ್ರಶ್ನೆಗಳು ವಿಕೃತ ಅನ್ನಿಸಿದರೆ ಅದಕ್ಕೆ ಮದ್ದು ಅರಿವು, ಬಾಯಿ ಮುಚ್ಚಿಸೋದು ಅಲ್ಲ. ಸಲಿಂಗಕಾಮದ ವಿಷಯಕ್ಕೆ ಆ ಕಾಲದ ವಿಜ್ಞಾನಿಗಳ ಸಂಶೋಧನೆಯನ್ನೇ ಆಧಾರವಾಗಿಟ್ಟುಕೊಂಡರು. ಸುಪ್ರೀಂ ಕೋರ್ಟು 377ನೇ ಸೆಕ್ಷನ್ನಿನ ಕಗ್ಗಂಟು ಬಿಡಿಸಿದ್ದು 2018ರಲ್ಲಿ. ಸಂವಿಧಾನ ಇನ್ನೂ ಹುಟ್ಟದ ಕಾಲದಲ್ಲಿ, 84 ವರ್ಷ ಮುಂಚೆಯೇ, ಅಂಬೇಡ್ಕರ್ ಅದರ ಬಗ್ಗೆ ಮುಂಬೈಯ ಕೋರ್ಟಿನಲ್ಲಿ ನಿಂತು ಮಾತಾಡಿದ್ದರು.

ಕೇಸು ಸೋತರು. ಕರ್ವೆಗೆ 200 ರೂಪಾಯಿ ದಂಡ. ಸಂಬಳ ಇಲ್ಲದ, ಕೈಯಿಂದ ದುಡ್ಡು ಹಾಕಿ ಪತ್ರಿಕೆ ತರುತ್ತಿದ್ದ ಮನುಷ್ಯನಿಗೆ ಅದು ಸಣ್ಣ ಮೊತ್ತ ಅಲ್ಲ. ಅಂಬೇಡ್ಕರ್ ಮಾತ್ರ ವಿಷಯವನ್ನು ಅಲ್ಲಿಗೇ ಬಿಡಲಿಲ್ಲ. 1938ರ ನವೆಂಬರ್‌ನಲ್ಲಿ ಅವರ ಸ್ವತಂತ್ರ ಕಾರ್ಮಿಕ ಪಕ್ಷದ ಪಿ.ಜೆ. ರೋಹಮ್ ಮುಂಬೈ ಶಾಸನಸಭೆಯಲ್ಲಿ ಸಂತಾನ ನಿಯಂತ್ರಣದ ಪರವಾಗಿ ನಿರ್ಣಯ ಮಂಡಿಸಿದರು. ಬೇಡದ ಗರ್ಭ ಹೊರುವ ಹೆಣ್ಣಿನ ಕಷ್ಟ ಅಲ್ಲಿ ಚರ್ಚೆಗೆ ಬಂತು. ಅದೂ ಬಿದ್ದುಹೋಯಿತು.

ಗಾಂಧಿ, ಮೈಸೂರು ಮತ್ತು ಎರಡು ದಾರಿ

ಕರ್ವೆ ಎದುರು ಇದ್ದದ್ದು ಬರೀ ಮಡಿವಂತರಲ್ಲ. ಕೃತಕ ಗರ್ಭನಿರೋಧವನ್ನು ಸ್ವತಃ ಗಾಂಧೀಜಿ ವಿರೋಧಿಸುತ್ತಿದ್ದರು. ಸಂಯಮವೇ ಸರಿಯಾದ ದಾರಿ ಅನ್ನೋದು ಅವರ ನಿಲುವು. ಅಮೆರಿಕದ ಮಾರ್ಗರೆಟ್ ಸ್ಯಾಂಗರ್ 1935ರ ಕೊನೆಯಲ್ಲಿ ವಾರ್ಧಾಕ್ಕೆ ಬಂದು ಚರ್ಚೆ ಮಾಡಿದರೂ ಅವರು ಬದಲಾಗಲಿಲ್ಲ. ಕರ್ವೆ ಪ್ರಶ್ನೆ ಸರಳವಾಗಿತ್ತು: ಗಂಡ ಸಂಯಮ ತೋರಿಸದಿದ್ದರೆ ಹೆಂಡತಿ ಏನು ಮಾಡಬೇಕು? ಗಂಡಿನ ಸದ್ಗುಣದ ಮೇಲೆ ಹೆಣ್ಣಿನ ಆರೋಗ್ಯ ನಿಲ್ಲಬಾರದು.

ಇದೇ ಹೊತ್ತಿಗೆ ನಮ್ಮ ಮೈಸೂರು ಸಂಸ್ಥಾನ ಇನ್ನೊಂದು ದಾರಿ ಹಿಡಿಯಿತು. 1930ರಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲೇ ಸಂತಾನ ನಿಯಂತ್ರಣ ಕೇಂದ್ರ ತೆರೆಯಲು ಆದೇಶ ಹೊರಡಿಸಿತು. ಸರ್ಕಾರವೇ ನಡೆಸಿದ ಇಂಥ ಕೇಂದ್ರಗಳು ಜಗತ್ತಿನಲ್ಲೇ ಮೊದಲು ಅಂತ ಇತಿಹಾಸ ಗುರುತಿಸುತ್ತೆ. ಆಗ ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರ ಎಲ್ಲ ಮುಂಬೈ ಪ್ರಾಂತ್ಯಕ್ಕೇ ಸೇರಿದ್ದವು. ಒಂದು ಆಡಳಿತದಲ್ಲಿ ಸರ್ಕಾರವೇ ಕ್ಲಿನಿಕ್ ತೆರೆದರೆ, ಪಕ್ಕದ ಆಡಳಿತದಲ್ಲಿ ಅದೇ ವಿಷಯ ಬರೆದವನನ್ನು ಹಿಡಿದು ದಂಡ ಹಾಕಿದರು.

ಕರ್ವೆಯನ್ನು ಪೂಜೆ ಮಾಡಬೇಕಾಗಿಲ್ಲ. ಆ ಕಾಲದ ಸಂತಾನ ನಿಯಂತ್ರಣ ಚಳವಳಿಯಲ್ಲಿ, ಜಗತ್ತಿನಾದ್ಯಂತ, ಉತ್ತಮ ತಳಿಯ ಮನುಷ್ಯರು ಎಂಬ ಅಪಾಯಕಾರಿ ವಿಚಾರ ಬೆರೆತಿತ್ತು. ಬಡವರು ಜಾಸ್ತಿ ಹೆರುತ್ತಾರೆ ಎಂಬ ಮೇಲ್ವರ್ಗದ ಗೊಣಗಾಟವೂ ಇತ್ತು. ಮುಂಬೈ ಪುಣೆಯ ಸುಧಾರಕರ ವಲಯ ಇದರಿಂದ ಮುಕ್ತವಾಗಿರಲಿಲ್ಲ, ಕರ್ವೆ ಬರಹವನ್ನೂ ಆ ಎಚ್ಚರದಿಂದಲೇ ಓದಬೇಕು. ಆ ವಿಚಾರ ಸರ್ಕಾರದ ಕೈಗೆ ಸಿಕ್ಕರೆ ಏನಾಗುತ್ತೆ ಅಂತ ತುರ್ತು ಪರಿಸ್ಥಿತಿಯ ಕಾಲದ ಬಲವಂತದ ಸಂತಾನಹರಣ ಶಿಬಿರಗಳಲ್ಲಿ ನೋಡಿದ್ದೇವೆ. ಅರಿವು ಕೊಟ್ಟು ತೀರ್ಮಾನ ಆ ವ್ಯಕ್ತಿಗೇ ಬಿಡುವುದು ಒಂದು, ಗುರಿ ಕೊಟ್ಟು ಜನರನ್ನು ಎಳೆದು ತರುವುದು ಇನ್ನೊಂದು. ಇವೆರಡರ ನಡುವಿನ ಗೆರೆ ಯಾವತ್ತೂ ಅಳಿಸಬಾರದು.

ಕೊನೆಯ ವರ್ಷಗಳು

ಪತ್ರಿಕೆ ನಿಲ್ಲಲಿಲ್ಲ. 26 ವರ್ಷ ನಡೆಯಿತು. ಸಂಬಂಧಿಕರಾದ ಶಕುಂತಲಾ ಪರಾಂಜಪೆ ಈ ಕೆಲಸವನ್ನು ಮುಂದೆ ಒಯ್ದರು. ಹಳ್ಳಿಗಳಲ್ಲಿ ಕುಟುಂಬ ಯೋಜನೆಯ ಪ್ರಚಾರ ಮಾಡಿದರು, ಮುಂದೆ ರಾಜ್ಯಸಭೆಗೆ ನಾಮಕರಣಗೊಂಡರು. 1952ರಲ್ಲಿ ಭಾರತ ಸರ್ಕಾರ ರಾಷ್ಟ್ರೀಯ ಕುಟುಂಬ ಯೋಜನೆ ಕಾರ್ಯಕ್ರಮ ಶುರು ಮಾಡಿತು. ಒಂದು ಕಾಲಕ್ಕೆ ಕೋರ್ಟಿಗೆ ಎಳೆಸಿದ್ದ ವಿಷಯ ಈಗ ಸರ್ಕಾರದ ನೀತಿ. ಅದನ್ನು ಕಣ್ಣಾರೆ ನೋಡಿ, 1953ರ ಅಕ್ಟೋಬರ್ 14ರಂದು ಕರ್ವೆ ತೀರಿಕೊಂಡರು. ಪತ್ರಿಕೆಯ ಕೊನೆಯ ಸಂಚಿಕೆ ನವೆಂಬರ್‌ನಲ್ಲಿ ಬಂತು. ಅಪ್ಪ ಇನ್ನೂ ಬದುಕಿದ್ದರು. ಮಗ ಹೋಗಿ ಒಂಬತ್ತು ವರ್ಷದ ಮೇಲೆ, 104ನೇ ವಯಸ್ಸಿನಲ್ಲಿ ತೀರಿಕೊಂಡರು. ಅಪ್ಪನಿಗೆ ಭಾರತರತ್ನ ಸಿಕ್ಕಿತು. ಮಗನ ಬದುಕಿನ ಮೇಲೆ ಅಮೋಲ್ ಪಾಲೇಕರ್ ಒಂದು ಮರಾಠಿ ಸಿನಿಮಾ ಮಾಡಿದರು, ಅದೂ 2001ರಲ್ಲಿ.

ಎಚ್ಐವಿ ಬಂದಾಗ

ಕರ್ವೆ ಸತ್ತು 33 ವರ್ಷಕ್ಕೆ, 1986ರಲ್ಲಿ, ಚೆನ್ನೈನಲ್ಲಿ ಡಾ. ಸುನಿತಿ ಸೊಲೊಮನ್ ಮತ್ತವರ ವಿದ್ಯಾರ್ಥಿನಿ ನಿರ್ಮಲಾ ಭಾರತದ ಮೊದಲ ಎಚ್ಐವಿ ಸೋಂಕುಗಳನ್ನು ಪತ್ತೆ ಮಾಡಿದರು. ಆಗ ಕೇಳಿಬಂದ ಮಾತು ಏನು ಗೊತ್ತಾ? ಇದು ವಿದೇಶದ ಕಾಯಿಲೆ, ನಮ್ಮ ಸಂಸ್ಕೃತಿಯಲ್ಲಿ ಇಂಥದ್ದಕ್ಕೆ ಜಾಗ ಇಲ್ಲ. ಕರ್ವೆ ಕಾಲದ ಅದೇ ಹಳೇ ರಾಗ.

2005ರ ಹೊತ್ತಿಗೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಮತ್ತು ಕೇಂದ್ರ ಸರ್ಕಾರ ಸೇರಿ ಶಾಲೆಗಳಿಗೆ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ತಂದವು. ಎಚ್ಐವಿ ತಡೆಯೇ ಅದರ ಮುಖ್ಯ ಉದ್ದೇಶ. 2007ರಲ್ಲಿ ಒಂದರ ಹಿಂದೊಂದು ರಾಜ್ಯಗಳು ಅದನ್ನು ನಿಷೇಧಿಸಿದವು. ಮಹಾರಾಷ್ಟ್ರ, ಗುಜರಾತ್, ಮಧ್ಯಪ್ರದೇಶ. ಮತ್ತೆ ನಮ್ಮ ಕರ್ನಾಟಕ. ಮಹಾರಾಷ್ಟ್ರದಲ್ಲಿ ಆಗ ಕಾಂಗ್ರೆಸ್–ಎನ್‌ಸಿಪಿ ಸರ್ಕಾರ, ಗುಜರಾತ್ ಮತ್ತು ಮಧ್ಯಪ್ರದೇಶದಲ್ಲಿ ಬಿಜೆಪಿ, ಇಲ್ಲಿ ಜೆಡಿಎಸ್–ಬಿಜೆಪಿ ಮೈತ್ರಿ. ಈ ಒಂದು ವಿಷಯಕ್ಕೆ ಪಕ್ಷಭೇದ ಇರಲಿಲ್ಲ. ಕರ್ವೆ ಹುಟ್ಟಿದ ರಾಜ್ಯವೂ, ಜಗತ್ತಿಗೇ ಮೊದಲು ಸರ್ಕಾರಿ ಕ್ಲಿನಿಕ್ ತೆರೆದ ನಾಡೂ ಒಟ್ಟಿಗೇ ಪಾಠದ ಪುಸ್ತಕ ಮುಚ್ಚಿಟ್ಟವು. ಈ ಎರಡೂ ರಾಜ್ಯಗಳಲ್ಲಿ ಎಚ್ಐವಿ ಹೊರೆ ದೇಶದಲ್ಲೇ ಹೆಚ್ಚಿನದಾಗಿತ್ತು ಅನ್ನೋದು ಗೊತ್ತಿದ್ದೂ. 2017ರಲ್ಲಿ ಕಾಂಡೋಮ್ ಜಾಹೀರಾತನ್ನು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಾತ್ರ ತೋರಿಸಿ ಅಂತ ಟಿವಿಯವರಿಗೆ ಕೇಂದ್ರದಿಂದ ಸೂಚನೆ ಹೋಯಿತು.

ಇದರ ಫಲ ಅಂಕಿಯಲ್ಲಿ ಕಾಣುತ್ತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಎಚ್ಐವಿ ಬಗ್ಗೆ ಸಮಗ್ರ ಅರಿವು ಇರುವವರು 21.6%, ಗಂಡಸರಲ್ಲಿ 30.7%. ಸಮಗ್ರ ಅರಿವು ಅಂದರೆ ದೊಡ್ಡ ಪಾಂಡಿತ್ಯ ಏನಲ್ಲ. ಕಾಂಡೋಮ್ ಬಳಸಿದರೆ ಅಪಾಯ ಕಮ್ಮಿ, ನೋಡಲು ಆರೋಗ್ಯವಾಗಿರುವವರಲ್ಲೂ ಸೋಂಕು ಇರಬಹುದು, ಸೊಳ್ಳೆ ಕಚ್ಚಿದರೆ ಹರಡಲ್ಲ, ಜೊತೆಗೆ ಊಟ ಮಾಡಿದರೆ ಬರಲ್ಲ ಎಂಬಂಥ ನಾಲ್ಕೈದು ವಿಷಯ. ಇಷ್ಟು ಗೊತ್ತಿರುವ ಹೆಂಗಸರು ಐವರಲ್ಲಿ ಒಬ್ಬರು. ದೇಶದಲ್ಲಿ ಸುಮಾರು 25 ಲಕ್ಷ ಜನ ಎಚ್ಐವಿ ಜೊತೆ ಬದುಕುತ್ತಿದ್ದಾರೆ. ಪ್ರತಿದಿನ ಮಾತ್ರೆ ತೆಗೆದುಕೊಂಡರೆ ಉಳಿದವರಂತೆ ಬಾಳಬಹುದು. ಅವರನ್ನು ಬಾಡಿಗೆ ಮನೆಯಿಂದ, ಕೆಲಸದಿಂದ ಹೊರಹಾಕಬಾರದು ಅಂತ 2017ರ ಕಾನೂನೂ ಇದೆ. ಪಕ್ಕದಲ್ಲಿ ಕೂತು ಊಟ ಮಾಡಲು ಹೆದರುವ ಸಮಾಜದಲ್ಲಿ ಆ ಕಾನೂನು ಎಷ್ಟು ದೂರ ನಡೆದೀತು?

ಕಲಿಸಿದರೆ ಮಕ್ಕಳು ಕೆಡ್ತಾರೆ ಎಂಬ ಭಯಕ್ಕೆ ಸಂಶೋಧನೆ ಉತ್ತರ ಕೊಟ್ಟಾಗಿದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಯುನೆಸ್ಕೊ, ಲೈಂಗಿಕ ಶಿಕ್ಷಣದಿಂದ ಹದಿಹರೆಯದವರ ಲೈಂಗಿಕ ಚಟುವಟಿಕೆ ಹೆಚ್ಚೋದಿಲ್ಲ ಅಂತ ಹೇಳಿದೆ. ಒಳ್ಳೆಯ ಕಾರ್ಯಕ್ರಮಗಳು ಮೊದಲ ಅನುಭವವನ್ನು ಮುಂದೂಡುತ್ತವೆ, ಕಾಂಡೋಮ್ ಬಳಕೆ ಹೆಚ್ಚಿಸುತ್ತವೆ. ಬರೀ ಸಂಯಮ ಬೋಧಿಸುವ ಪಾಠಗಳು ಈ ಫಲ ಕೊಟ್ಟಿಲ್ಲ. ಗಾಂಧಿ ಮತ್ತು ಕರ್ವೆ ನಡುವಿನ ಹಳೆಯ ವಾದಕ್ಕೆ ಇದನ್ನು ಒಂದು ತೀರ್ಪು ಅಂತ ಓದಿಕೊಳ್ಳಬಹುದು. 2024ರಲ್ಲಿ ಸುಪ್ರೀಂ ಕೋರ್ಟ್ ಕೂಡ ಸಮಗ್ರ ಲೈಂಗಿಕ ಶಿಕ್ಷಣದ ಅಗತ್ಯವನ್ನು ಎತ್ತಿ ಹೇಳಿದೆ.

ಹಾಗಾದರೆ ಈಗ ತಡೆ ಎಲ್ಲಿದೆ? ಮಾಹಿತಿಯ ಕೊರತೆ ಇಲ್ಲ, ಕೋರ್ಟಿನ ಅಡ್ಡಿಯೂ ಇಲ್ಲ. ಉಳಿದಿರುವುದು ನಮ್ಮ ರಾಜಕಾರಣದ ಅಂಜಿಕೆ ಒಂದೇ. ಶಾಲೆ, ಕಾಲೇಜು, ವಿದ್ಯಾರ್ಥಿ ಸಂಘಟನೆಗಳ ಬೇಡಿಕೆ ಪಟ್ಟಿಯಲ್ಲಿ ಬಸ್ ಪಾಸ್ ಇದೆ, ಹಾಸ್ಟೆಲ್ ಇದೆ, ಸ್ಕಾಲರ್‌ಶಿಪ್ ಇದೆ. ಇರಲೇಬೇಕು. ಆ ಬಿಟ್ಟುಹೋದ ಪಾಠ ಮಾತ್ರ ಎಷ್ಟು ಪಟ್ಟಿಗಳಲ್ಲಿ ಸಿಗುತ್ತೆ, ಹುಡುಕಿ ನೋಡಿ. ಚುನಾವಣೆಗೆ ಮತ ಕೇಳಿಕೊಂಡು ಬಂದವರನ್ನು ನಾವು ರಸ್ತೆ, ನೀರು, ಕೆಲಸದ ಬಗ್ಗೆ ಕೇಳ್ತೀವಿ. 2007ರಲ್ಲಿ ಮುಚ್ಚಿದ ಪುಸ್ತಕ ಯಾವಾಗ ಪೂರ್ತಿ ತೆರೀತೀರಿ ಅಂತಲೂ ಕೇಳೋಣ. ಕರ್ವೆ ಇದಕ್ಕಾಗಿ ಎರಡು ಸಲ ದಂಡ ಕಟ್ಟಿದ್ದರು. ನಮಗೆ ಕೇಳಲಿಕ್ಕೆ ದಂಡ ಏನೂ ಇಲ್ಲ.